ಕಾಶಣ್ಣ ಬಾರಿಸದ ಹಾಡು

ವಾಡಿ, ೯ ಫೆಬ್ರವರಿ ೨೦೨೫

ಪ್ರೀತಿಯ ಕಾಶಣ್ಣಾ,

ತಂಗಿ ಶಿವಗಂಗಾಳ ಶರಣು. ಹೇಗಿದ್ದೀ? ಸೋಲಾಪುರದ ಊಟ ಒಗ್ಗಿದೆಯೇ? ದೀಪಾವಳಿ ಕಳೆದ ಮೇಲೆ ನೀನು ನನ್ನ ಫೋನು ಎತ್ತಿಲ್ಲ, ಅವ್ವನದು ಮಾತ್ರ ಎತ್ತುತ್ತೀ. ಅದಕ್ಕೇ ಅವಳಿಂದ ವಿಳಾಸ ಪಡೆದು ಬರೆಯುತ್ತಿದ್ದೇನೆ. ಅವಳ ಮೊಣಕಾಲು ನೋವು ಹಾಗೇ ಇದೆ, ಗಾಬರಿಯಾಗಬೇಡ.

ನಮ್ಮ ಬ್ಯಾಂಡಿನ ಮೊದಲ ಆಲ್ಬಮ್ ಮುಗಿಯುತ್ತ ಬಂತು. ನೀನು ಕೆಲಸಕ್ಕೆಂದು ಹೋದ ಮೇಲೆ ನಾನು ಮತ್ತು ಗಿಟಾರಿನ ಮುಕ್ರಮ ಇಬ್ಬರೇ ಉಳಿದೆವು. ಮನೆಯಲ್ಲಿ ಹಾಡಿದರೆ ಗೂಡ್ಸ್ ಗಾಡಿಯ ಸದ್ದೂ ಸೇರುತ್ತದೆಂದು ಶಹಾಬಾದಿಗೆ ಹೋದೆವು. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರದ ಗುರುಲಿಂಗಪ್ಪ ಕಾಕಾ ತಮ್ಮ ಖಾಲಿ ಗೋದಾಮು ಬಿಟ್ಟುಕೊಟ್ಟರು. ಗೋಡೆ, ನೆಲ, ಚಾವಣಿ ಎಲ್ಲ ಕಲ್ಲು. ಒಂದು ಸಾಲು ಹಾಡಿದರೆ ಹತ್ತು ಜನ ಮರಳಿ ಹಾಡಿದಂತೆ. ಅವ್ವ ಮನೆಯ ಕೌದಿಗಳನ್ನೆಲ್ಲ ಗಂಟು ಕಟ್ಟಿ ಕಳಿಸಿದಳು. ಸುತ್ತಲೂ ಇಳಿಬಿಟ್ಟ ಮೇಲೆ ಧ್ವನಿ ಹತೋಟಿಗೆ ಬಂತು. ಪಕ್ಕದ ಕಲ್ಲು ಕೊಯ್ಯುವ ಮಷೀನು ನಿಂತ ಹೊತ್ತು ನೋಡಿ ರೆಕಾರ್ಡ್ ಮಾಡುತ್ತಿದ್ದೆವು.

ನಿನ್ನ ಡ್ರಮ್ಮಿನ ಬದಲು ಮುಕ್ರಮ ಲ್ಯಾಪ್‌ಟಾಪಿನಲ್ಲಿ ತಾಳ ಕೂಡಿಸಿದ. ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೆ ಉಸಿರೆಳೆದುಕೊಳ್ಳಲು ನಾನು ತುಸು ತಡೆದರೆ ನೀನೂ ತಡೆಯುತ್ತಿದ್ದೆ. ಈ ಲ್ಯಾಪ್‌ಟಾಪಿನ ತಾಳ ನನ್ನನ್ನು ಬಿಟ್ಟು ಮುಂದೆ ಹೋಗಿಬಿಡುತ್ತದೆ. ಕಳೆದ ತಿಂಗಳು ಮುಕ್ರಮನೂ ಹೈದರಾಬಾದಿಗೆ ಹೋದ. ಅಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಕೆಲಸ ಸಿಕ್ಕಿದೆ. "ನೀ ಹಾಡಿ ಕಳಸು, ನಾ ಅಲ್ಲಿಂದನ ಜೋಡಸ್ತೀನಿ" ಅಂದ. ಹೀಗಾಗಿ ಕೊನೆಯ ಹಾಡಿಗೆ ಒಬ್ಬಳೇ ಪ್ಯಾಸೆಂಜರ್ ಹತ್ತಿ ಹೋದೆ. ನಾನೇ ಬಟನ್ ಒತ್ತಿ, ನಾನೇ ಓಡಿಬಂದು ಮೈಕಿನ ಮುಂದೆ ನಿಂತು ಹಾಡಿದೆ. ಕಾಕಾ ಬಾಗಿಲಲ್ಲಿ ಕೂತು ಕೇಳಿದರು. "ಭಾಳ ಚಂದ ಹಾಡಿದಿ ಯವ್ವಾ. ಆದ್ರ ಯಾರನ್ನೋ ಕರ್ಯಾಕತ್ತಿದ್ದಂಗ ಕೇಳಸ್ತದ" ಅಂದರು. ನಕ್ಕು ಹೆಡ್‌ಫೋನು ಸುತ್ತಿಟ್ಟೆ. ಹೊರಗೆ ಬಂದು ನಳದ ಕೆಳಗೆ ಮುಖ ಹಿಡಿದು ನಿಂತೆ, ಅತ್ತದ್ದು ಅವರಿಗೆ ಗೊತ್ತಾಗಬಾರದೆಂದು.

ಆ ಹಾಡಿಗೆ ತಾಳ ಹಾಕಿಸಿಲ್ಲ. ಒಂದು ದಿನದ ಮಟ್ಟಿಗಾದರೂ ಬಾ, ಅಣ್ಣಾ. ನನ್ನ ಮೇಲೆ ಸಿಟ್ಟಿದ್ದರೆ ಬೈದು ಬಾರಿಸು.

ಅವ್ವನ ಆಶೀರ್ವಾದ, ಮುಕ್ರಮನ ಸಲಾಮು ನಿನಗೆ ಮುಟ್ಟಲಿ.

ನಿನ್ನ ತಂಗಿ,
ಶಿವಗಂಗಾ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ನೋಡಿ ಅತ್ತುಬಿಟ್ಟಳು. ಎಲ್ಲ ಹೇಳಿದಳು. ನೀನು ಬೈಕಿನಿಂದ ಬಿದ್ದದ್ದು, ಬಲಗೈ ಬೆರಳುಗಳು ಇನ್ನೂ ಮಡಚದೆ ಇರುವುದು, "ಗಂಗಾಗ ಹೇಳಬ್ಯಾಡ, ಆಕಿ ಆಲ್ಬಮ್ ಬಿಟ್ಟು ಕುಂದರ್ತಾಳ" ಎಂದು ಅವಳಿಂದ ಆಣೆ ಹಾಕಿಸಿಕೊಂಡದ್ದು. ಇದನ್ನು ಇನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಗಾಡಿಗೆ ನಾನೇ ತಂದು ನಿನ್ನ ಬಾಗಿಲ ಕೆಳಗಿಂದ ತೂರಿಸುತ್ತೇನೆ. ನೀನು ಓದುವಷ್ಟು ಹೊತ್ತು ಹೊರಗೇ ನಿಂತಿರುತ್ತೇನೆ. ಬಾರಿಸು ಎನ್ನಲು ಬಂದಿಲ್ಲ ಅಣ್ಣಾ. ಬಾಗಿಲು ತೆಗೆ.