ಗಾಲಿ ಹಲಗೆಯ ಆಟಕ್ಕೆ ಹನ್ನೆರಡು ಅಭಿಪ್ರಾಯ

ಬನಹಟ್ಟಿ
ಬುಧವಾರ, 4-8-1999

ಪ್ರೀತಿಯ ನೀಲಾಳ ಅಪ್ಪನವರಿಗೆ,

ಸಾವಿತ್ರೆವ್ವ ಮಾಡುವ ನಮಸ್ಕಾರಗಳು. ನಿಮ್ಮ ಆರೋಗ್ಯ ಹೇಗಿದೆ? ಪುಣೆಯಲ್ಲಿ ಮಳೆ ಬಿಟ್ಟೇ ಇಲ್ಲವಂತೆ, ಕೆಮ್ಮು ಕಡಿಮೆಯಾಯಿತೇ? ಕಟ್ಟಿ ಕಳಿಸಿದ ಕಷಾಯದ ಪುಡಿಯ ಡಬ್ಬಿಯನ್ನು ತೆರೆದಿದ್ದೀರೋ, ಇಲ್ಲ ಅದರ ಮೇಲೆ ಬಣ್ಣದ ಪೆನ್ಸಿಲ್ ಇಟ್ಟುಕೊಂಡಿದ್ದೀರೋ ದೇವರೇ ಬಲ್ಲ. ಇಲ್ಲಿ ಎಲ್ಲರೂ ಆರಾಮ. ಮಾವನವರ ಮೊಣಕಾಲು ನೋವು ಹಾಗೇ ಇದೆ, ಮಗ್ಗದಿಂದ ಇಳಿಯಿರಿ ಎಂದರೆ ಕೇಳುವುದಿಲ್ಲ. ನೀಲಾ ಈ ಸಲ ಲೆಕ್ಕದಲ್ಲಿ ಪಾಸಾಗಿದ್ದಾಳೆ. ನಿಮ್ಮ ಮಗಳಲ್ಲವೇ, ಲೆಕ್ಕದ ವಹಿಯ ಹಿಂದಿನ ಹಾಳೆಗಳ ತುಂಬ ಹೂಬಳ್ಳಿ ಬರೆದಿಟ್ಟಿದ್ದಾಳೆ.

ಮೂರು ವಾರದಿಂದ ನಿಮ್ಮ ಕಾಗದವಿಲ್ಲ. ಸೋಮವಾರ ತಪ್ಪದೆ ಬರುತ್ತಿದ್ದ ಕಾಗದ ಮೂರು ಸೋಮವಾರ ಬರದಿದ್ದರೆ ಇಲ್ಲಿರುವವಳು ಏನು ತಿಳಿಯಬೇಕು? ಅಂಚೆಯವನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಓಡುತ್ತೇನೆ. ನಿಮ್ಮ ಆಫೀಸಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಿದ ಹೆಣ್ಣುಮಗಳು ಮರಾಠಿಯಲ್ಲಿ ಏನೋ ಹೇಳಿ ಇಟ್ಟುಬಿಟ್ಟಳು. ನೀವು ಸಿಟ್ಟಾಗಿದ್ದೀರಿ, ಇಲ್ಲವೇ ಕೆಲಸದಿಂದ ಬಿಡಿಸಿದ್ದನ್ನು ನನ್ನಿಂದ ಮುಚ್ಚಿಡುತ್ತಿದ್ದೀರಿ. ಎರಡರಲ್ಲಿ ಯಾವುದಾದರೂ ಅದಕ್ಕೆ ನಿಮ್ಮ ಆಟದ ಬಗ್ಗೆ ಬರೆದು ಕಳಿಸಿದ ಆ ಹನ್ನೆರಡು ಹಾಳೆಗಳೇ ಕಾರಣ ಎಂದು ನನ್ನ ಮನಸ್ಸು ಹೇಳುತ್ತಿದೆ.

ಸೀರೆಯ ಅಂಚಿನ ದಡಿಗೆ ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬುತ್ತಿದ್ದ ನಿಮ್ಮನ್ನು, ಕಂಪ್ಯೂಟರ್ ಆಟದ ಚಿತ್ರವನ್ನೂ ಹಾಗೆಯೇ ಚೌಕ ತುಂಬಿ ಬರೆಯಬೇಕು ಎಂದು ಹೇಳಿ ಪುಣೆಯ ಕಂಪನಿಯವರು ಕರೆದುಕೊಂಡು ಹೋದಾಗ ಇಡೀ ಓಣಿ ನಕ್ಕಿತ್ತು. ನಾನೂ ನಕ್ಕಿದ್ದೆ, ಸುಳ್ಳೇಕೆ ಹೇಳಲಿ. ಆಟ ತಯಾರಾಗಿ, ಅದನ್ನು ನಿಮ್ಮ ಊರಿನ ಹನ್ನೆರಡು ಜನರಿಗೆ ತೋರಿಸಿ ಒಬ್ಬರಿಗೊಂದು ಹಾಳೆಯಲ್ಲಿ ಅಭಿಪ್ರಾಯ ಬರೆಸಿ ನೇರ ಮಾಲೀಕರಿಗೇ ಕಳಿಸಬೇಕು, ಅದನ್ನು ನೋಡಿ ಆಗಸ್ಟ್ ಏಳಕ್ಕೆ ನಿಮ್ಮನ್ನು ಕಾಯಂ ಮಾಡುವುದೋ ಬಿಡುವುದೋ ತೀರ್ಮಾನಿಸುತ್ತಾರೆ ಎಂದು ನೀವು ಬರೆದಾಗ ಮಾತ್ರ ನನಗೆ ನಗು ಬರಲಿಲ್ಲ. ಎರಡು ರವಿವಾರ ಟ್ರ್ಯಾಕ್ಸ್ ಗಾಡಿ ಹಿಡಿದು ಎಲ್ಲರನ್ನೂ ಜಮಖಂಡಿಗೆ, ನಾಮದೇವ ಮಾಸ್ತರರ ಕಂಪ್ಯೂಟರ್ ಕ್ಲಾಸಿಗೆ ಕರೆದುಕೊಂಡು ಹೋದೆ.

ಪರದೆಯ ಮೇಲೆ ಆ ಹುಡುಗ ನಾಲ್ಕು ಗಾಲಿಯ ಹಲಗೆ ಹತ್ತಿ ನಿಂತದ್ದೇ ತಡ, ಒಬ್ಬರೂ ಅಲುಗಾಡಲಿಲ್ಲ. ಮೆಟ್ಟಿಲಿನಿಂದ ಹಾರಿದ, ಕಬ್ಬಿಣದ ಕಟಕಟೆಯ ಮೇಲೆ ಜಾರಿದ, ಗಿರಕಿ ಹೊಡೆದು ಬಿದ್ದ. ನಮ್ಮ ಅಂದಾನೆಪ್ಪ ಕಾಕಾ ಕನ್ನಡಕ ಒರೆಸಿಕೊಂಡು ಹೇಳಿದರು: "ಬಿದ್ದಾಂವನ ಮೊಣಕಾಲ ಕೆತ್ತೂದಿಲ್ಲ, ಅಂಗಿ ಝಾಡಿಸಿಕೊಳ್ಳೂದಿಲ್ಲ. ಇಂವಾ ಖರೇನ ಬಿದ್ದಾನಂತ ಹೆಂಗ ನಂಬಬೇಕ್ರೀ?" ಮಗ್ಗ ರಿಪೇರಿಯ ಹುಲೆಪ್ಪನಿಗೆ ಸಪ್ಪಳದ ಚಿಂತೆ: "ಕಲ್ಲ ಮ್ಯಾಲ ಹೋದ್ರೂ ಅದ ಸಪ್ಪಳ, ಸಿಮೆಂಟ ಮ್ಯಾಲ ಹೋದ್ರೂ ಅದ ಸಪ್ಪಳ. ಗಾಲಿಗೆ ನೆಲದ ಖಬರ ಇಲ್ಲ." ಮಾಸ್ತರರು, ಗುಂಡಿ ಒತ್ತಿದ ಮೇಲೆ ಹುಡುಗ ಹಾರಲು ತಡ ಮಾಡುತ್ತಾನೆ ಎಂದು ಬರೆದರು. ನೀವು ಆಟದ ಗೋಡೆಯ ಮೇಲೆ ನಮ್ಮ ಸೀರೆಯ ಗೋಮಿ ದಡಿಯನ್ನು ಬರೆದಿದ್ದೀರಲ್ಲ, ಪಕ್ಕದ ಮನೆಯ ಮುತ್ತವ್ವ ಅದನ್ನು ತಟ್ಟನೆ ಗುರುತಿಸಿ, "ಎಡಕ್ಕ ಒಂದು ಮನಿ ತಪ್ಪೇತಿ ಬೇ" ಎಂದು ಪರದೆಗೆ ಬೆರಳು ಹಚ್ಚಿ ತೋರಿಸಿದಳು. ಮಾವನವರು ಮೂರು ಸಲ ನೋಡಿ, ಹುಡುಗನ ನೆರಳು ಅವನಿಗಿಂತ ಮುಂದೆ ಓಡುತ್ತದೆ ಎಂದು ಬರೆಸಿದರು. ಎಲ್ಲರೂ ಸಂಭ್ರಮದಿಂದಲೇ ಊರಿಗೆ ಬಂದೆವು. ದಾರಿಯುದ್ದಕ್ಕೂ ನಿಮ್ಮದೇ ಮಾತು.

ಹಾಳೆಗಳನ್ನು ರಜಿಸ್ಟರ್ ಮಾಡಿ ಬಂದ ಮರುದಿನ ಮಾಸ್ತರರು ಸಿಕ್ಕರು. "ಸಾವಿತ್ರೆವ್ವಾರ, ಮೆಚ್ಚಿದ್ದೇನು ಅನ್ನೂ ಖಾನೆ ಒಬ್ಬರೂ ತುಂಬಿಲ್ಲರಿ. ನಾನೂ ತುಂಬಿಲ್ಲ. ಪುಣೇದವರಿಗೆ ನಮ್ಮ ರೀತಿ ತಿಳದೀತೇನ್ರಿ?" ಎಂದರು. ಮಗ್ಗದಿಂದ ಹೊಸ ಸೀರೆ ಇಳಿದ ದಿನ ನಮ್ಮಲ್ಲಿ ಯಾರಾದರೂ ಛಲೋ ಐತಿ ಎನ್ನುತ್ತಾರೆಯೇ? ಎಂದರೆ ದೃಷ್ಟಿ ತಾಗುತ್ತದೆ. ಮಗ್ಗುಲು ಬದಲಿಸಿ, ಹಿಂಬದಿ ನೋಡಿ, ಎಳೆ ತಪ್ಪಿದ್ದನ್ನು ಹೇಳುತ್ತಾರೆ. ಬೇಡವಾದ ಸೀರೆಯನ್ನು ಯಾರೂ ಅಷ್ಟು ಹೊತ್ತು ನೋಡುವುದೂ ಇಲ್ಲ. ಇದು ನಿಮಗೆ ಗೊತ್ತು, ನಿಮ್ಮ ಮಾಲೀಕರಿಗೆ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಬೀಳುವುದು ಹನ್ನೆರಡು ಖಾಲಿ ಖಾನೆ, ಹನ್ನೆರಡು ತಪ್ಪಿನ ಪಟ್ಟಿ. ಸ್ವಂತ ಊರೇ ಬೇಡವೆಂದ ಆಟ ಎಂದುಕೊಂಡಿರುತ್ತಾರೆ. ಹಾಳೆಗಳನ್ನು ಕಟ್ಟುವಾಗ ಖಾನೆ ಖಾಲಿ ಇದ್ದದ್ದನ್ನು ನೋಡಿಯೂ ನಾನು ಯಾರಿಗೂ ಹೇಳಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ. ದಯವಿಟ್ಟು ಶನಿವಾರದೊಳಗೆ ಅವರ ಮುಂದೆ ಕುಳಿತು ನಮ್ಮ ರೀತಿಯನ್ನು ಬಿಡಿಸಿ ಹೇಳಿರಿ. ನಾಚಿಕೊಂಡು ತಲೆ ತಗ್ಗಿಸಿ ನಿಲ್ಲಬೇಡಿ, ನಿಮ್ಮ ಆ ಚಾಳಿ ನನಗೆ ಗೊತ್ತು.

ಅಂಚೆಗೆ ಹಾಕಿದರೆ ತಡವಾದೀತೆಂದು ಪುಣೆಯ ಅಂಗಡಿಗೆ ಸೀರೆ ಒಯ್ಯುವ ಲಗಮಪ್ಪನವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನಾಳೆಯೇ ನಿಮ್ಮ ಕೈ ಸೇರುತ್ತದೆ. ಅತ್ತೆ ಮಾವ ಇಬ್ಬರ ಆಶೀರ್ವಾದಗಳು. ನೀಲಾ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಒಂದು ಹೂಬಳ್ಳಿಯನ್ನೂ. ಕಷಾಯ ಕುಡಿಯಿರಿ.

ಇಂತಿ ನಿಮ್ಮ ದಾರಿ ನೋಡುತ್ತಿರುವ,
ಸಾವಿತ್ರೆವ್ವ

ತಾ.ಕ.: ಲಗಮಪ್ಪನವರು ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಾರೆ, ಆದರೂ ಇದನ್ನು ಬರೆಯದೆ ಕೊಡಲಾರೆ. ಹನ್ನೆರಡು ಹಾಳೆಯಲ್ಲಿ ಒಂದಕ್ಕೆ ಹೆಸರಿಲ್ಲ. ಅದು ನನ್ನದು. ಗುರುತು ಸಿಗದಿರಲಿ ಎಂದು ಎಡಗೈಯಲ್ಲಿ ಬರೆದೆ. "ಚಿತ್ರದಲ್ಲಿ ಜೀವವಿಲ್ಲ, ಇದು ದಡಿ ಬರೆಯುವವರ ಕೈ, ಆಟಕ್ಕೆ ಬೇರೆಯವರನ್ನು ನೋಡಿಕೊಳ್ಳಿ" ಎಂದು ಬರೆದೆ. ಉಳಿದವರು ತಪ್ಪು ತೆಗೆದದ್ದು ಆಟವನ್ನು ಮೆಚ್ಚಿಕೊಂಡೇ. ನಾನು ಬರೆದದ್ದು ಸುಳ್ಳು. ಆಟ ಗೆದ್ದರೆ ಅಪ್ಪ ಅಲ್ಲೇ ಇರುತ್ತಾನೇನವ್ವಾ ಎಂದು ನೀಲಾ ಕೇಳಿದ್ದಳು, ನನಗೆ ತಡೆಯಲಾಗಲಿಲ್ಲ. ನೀವಿಲ್ಲದ ಮನೆ ನನಗೆ ಸಾಕಾಗಿದೆ. ಆದರೆ ನೀವು ಸೋತು ಬರುವುದು ಬೇಡ. ಅಲ್ಲೇ ಕಾಯಂ ಆಗಿ, ನಮ್ಮನ್ನು ಕರೆಸಿಕೊಳ್ಳಿ. ಈ ಕಾಗದದ ಈ ಕೊನೆಯ ಹಾಳೆಯನ್ನು ಬಿಡಿಸಿ ಮಾಲೀಕರಿಗೆ ಕೊಡಿ, ಹೆಂಡತಿ ಮಾಡಿದ ಕೆಲಸ ಎನ್ನಿ. ನಂಬಲೆಂದು ಕೆಳಗೆ ಪೂರ್ತಿ ಸಹಿ ಮಾಡಿದ್ದೇನೆ. ಬಾಯಿಂದ ಎಂದೂ ಆಡದ ನಿಮ್ಮ ಹೆಸರನ್ನು ಬರೆದಿದ್ದೇನೆ, ಬೈಯಬೇಡಿ.

ಸಾವಿತ್ರೆವ್ವ, ಗಂಡ ಬಸಗೊಂಡಪ್ಪ