ಸಿದ್ದಲಿಂಗಮ್ಮನವರ ಪದ

೧೧ ಫೆಬ್ರವರಿ ೧೯೩೯, ಶನಿವಾರ. ಹುಣಸೂರು.

ಬೆಳಗಿನಿಂದ ತಲೆ ತಿನ್ನುತ್ತಿದ್ದ ಯಂತ್ರದ ಗುಂಯ್ ಎಂಬ ಸದ್ದು ಕೊನೆಗೂ ಅಡಗಿತು. ಸಿದ್ದಲಿಂಗಮ್ಮನವರ ರಾಗಿ ಬೀಸುವ ಪದವನ್ನು ಅವರ ದನಿಯಲ್ಲೇ ತಟ್ಟೆಗೆ ಮುದ್ರಿಸಲು ಮೈಸೂರಿನಿಂದ ತಂದ ಎರಡು ಯಂತ್ರಗಳಿಗೆ ನಾನು ಬೇರೆ ಬೇರೆ ಕಡೆ ಅರ್ಥಿಂಗ್ ಕೊಟ್ಟು, ನೆಲಕ್ಕೆ ತಂತಿ ಇಳಿಸಿದ್ದೆ. ತಪ್ಪು ಅಲ್ಲೇ ಇತ್ತು. ಬಚ್ಚಲ ಹಿಂದಿನ ಹಸಿ ನೆಲದಲ್ಲಿ ಹೂತ ಒಂದೇ ಕಂಬಿಗೆ ಎರಡೂ ತಂತಿ ಬಿಗಿದೆ.

ಅಷ್ಟರಲ್ಲಿ ಸಿದ್ದಲಿಂಗಮ್ಮಜ್ಜಿ ಬೇಸತ್ತು ಎದ್ದಿದ್ದರು. ಇನ್ನೊಮ್ಮೆ ಹಾಡಿ ಎಂದು ಬೇಡಿಕೊಂಡೆ.

"ನಿನ್ ಪೆಟ್ಗೆ ಸುಮ್ಕಿದ್ರೆ ಹಾಡ್ತೀನಿ ಕಣಪ್ಪ."

ಹಾಡಿದರು. ಪದ ಕೊರೆದುಕೊಂಡ ಆ ತಟ್ಟೆಯನ್ನೇ ತಿರುಗಿಸಿ ಕೇಳಿಸಿದೆ. ಅಜ್ಜಿಯ ಕಣ್ಣು ತುಂಬಿತು, ಮುಖವೆಲ್ಲ ನಗು.

"ಇದು ನಾನಲ್ಲ ಕಣಪ್ಪ, ನಮ್ಮವ್ವ. ಅವಳ್ ಗಂಟ್ಲು ಇಂಗೇ ಇತ್ತು. ಇನ್ನೊಂದ್ಸಲ ಹಾಕು."

ಹಾಕಿದೆ. ಕತ್ತಲಾಗುವವರೆಗೂ ಹಾಕುತ್ತಲೇ ಇದ್ದೆ. ತಟ್ಟೆ ಸವೆದಿದೆ. ಸವೆಯಲಿ, ನಾಳೆ ಮತ್ತೆ ಹಾಡುತ್ತಾರಂತೆ. ಅವ್ವನ ದನಿ ಕೇಳಲು ಅಕ್ಕತಂಗಿಯರನ್ನೂ ಕರೆತರುತ್ತಾರಂತೆ. ಕಣ್ಣು ಎಳೆಯುತ್ತಿದೆ, ಆದರೂ ಮಲಗಲು ಮನಸ್ಸಿಲ್ಲ, ಆ ಪದ ಇನ್ನೂ ಕಿವಿಯಲ್ಲಿ…