ನಿನ್ನ ಮುಚ್ಚಳ, ನನ್ನ ಪಾತ್ರೆ

ಅಕ್ಕಾ,

ಹೇಗೂ ಈ ಪತ್ರ ಕಳಿಸುವುದಿಲ್ಲ, ಸತ್ಯವನ್ನೇ ಬರೆಯುತ್ತೇನೆ. ಅಪ್ಪನ ಅಂಗಡಿ ಪಾಲಾದಾಗ ಹಟಕ್ಕೆ ಬಿದ್ದು ಹಳೇ ಬೀಡುಕಬ್ಬಿಣದ ಪಾತ್ರೆಗಳನ್ನೆಲ್ಲ ನಾನು ಹೊತ್ತೆ, ಮುಚ್ಚಳಗಳನ್ನೆಲ್ಲ ನೀನು ಹೊತ್ತೆ. ಎಂಥ ಮಹಾಯುದ್ಧ, ಎಂಥ ಪೆದ್ದು ವೀರರು.

ಇವತ್ತು ನಿನ್ನಿಂದ ಮುಚ್ಚಳ ಕೊಂಡ ಹೆಂಗಸೊಬ್ಬರು ನನ್ನ ಅಂಗಡಿಗೆ ಬಂದರು.

"ಇದರ ಪಾತ್ರೆ ನಮ್ಮ ಮೊಂಡ ತಮ್ಮನ ಹತ್ರ ಇದೆ, ಹಿಡಿಯೋ ಕಿವಿ ಒಂದು ಮುರಿದಿರೋ ಪಾತ್ರೆ ಅಂದ್ರು ನಿಮ್ಮಕ್ಕ."

ಹನ್ನೊಂದು ವರ್ಷವಾದರೂ ಮರೆತಿಲ್ಲವಲ್ಲ, ನಿನ್ನ ನೆನಪಿಗೆ ಶರಣು. ಮುಚ್ಚಳದಲ್ಲಿ ತುಕ್ಕಿನ ಸುಳಿವಿಲ್ಲ. ಎಣ್ಣೆ ಕುಡಿಸಿ ಕುಡಿಸಿ ಕನ್ನಡಿ ಮಾಡಿದ್ದೀಯ. ಪಾತ್ರೆಯ ಮೇಲಿಟ್ಟು ಸುತ್ತ ತಿರುಗಿಸಿದೆ, ಕೂದಲೆಳೆಯಷ್ಟೂ ಅಲುಗಲಿಲ್ಲ.

"ಅಕ್ಕನಿಗೆ ಏನಾದ್ರೂ ಹೇಳ್ಬೇಕಾ?" ಎಂದರು ಆಕೆ.

ಊರ ನಾಟಕಗಳಲ್ಲಿ ಸಾವಿರ ಜನರೆದುರು ರಂಗದ ಮೇಲೆ ಗುಡುಗಿದ ಈ ಗಂಟಲಿನಿಂದ ಹೊರಟಿದ್ದು ಇಷ್ಟೇ: "ಮುಚ್ಚಳ ಸರಿಯಾಗಿ ಕೂತಿದೆ ಅನ್ನಿ."